ದಸ್ತಾವೇಜಿನ ಪೂರ್ವಾಶ್ರಯ



ಕಳೆದ ಶ್ರಾವಣದಲ್ಲಿ ನಮ್ಮ ಉಚಿತ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಕುಟುಂಬ ಸಮೇತರಾಗಿ ಶ್ರೀಮಠಕ್ಕೆ ಬಂದಿದ್ದರು. ಅವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಗದ್ದುಗೆಗೆ ನಮಸ್ಕರಿಸಿ ಬಂದು, ಹೂವು ಹಣ್ಣಿನ ತಟ್ಟೆಯ ಪಕ್ಕದಲ್ಲಿ ಒಂದು ಕಾಗದವನ್ನೂ ಇಟ್ಟರು. ಏನೆಂದು ಕೇಳಿದೆವು.

"ಮನೆ ಪತ್ರ ಬುದ್ಧೀ. ನಮ್ಮ ಕ್ರಯಪತ್ರ ಅಲ್ಲ, ಅದರ ಮುತ್ತಜ್ಜನ ಕಾಲದ್ದು. ಕೌಂಟಿ ಕಚೇರಿಯಲ್ಲಿ ಹುಡುಕಿ ತೆಗೆಸಿದೆ" ಎಂದರು.

ಓದಿ ನೋಡಿದೆವು. ಬಡಾವಣೆಯನ್ನು ನಿರ್ಮಿಸಿದವರು ಮೊದಲಿಗೇ ಬರೆಸಿಟ್ಟ ಷರತ್ತುಗಳ ಪಟ್ಟಿ ಅದು. ಮನೆಯನ್ನು ರಸ್ತೆಯಿಂದ ಇಷ್ಟು ಅಡಿ ಹಿಂದಕ್ಕೆ ಕಟ್ಟತಕ್ಕದ್ದು, ಹಂದಿ ಕೋಳಿಗಳನ್ನು ಸಾಕತಕ್ಕದ್ದಲ್ಲ ಎಂಬಂಥ ಮಾತುಗಳ ನಡುವೆ, ಅದೇ ನಿರ್ವಿಕಾರ ಭಾಷೆಯಲ್ಲಿ ಇನ್ನೊಂದು ಷರತ್ತಿತ್ತು. ಆಫ್ರಿಕಾ ಮೂಲದವರಾಗಲಿ ಏಷ್ಯಾ ಮೂಲದವರಾಗಲಿ ಈ ನಿವೇಶನವನ್ನು ಕೊಳ್ಳುವುದಕ್ಕೂ ಬಾಡಿಗೆಗೆ ಪಡೆಯುವುದಕ್ಕೂ ಇಲ್ಲಿ ವಾಸಿಸುವುದಕ್ಕೂ ಅವಕಾಶವಿಲ್ಲ. ಮನೆಗೆಲಸದ ಆಳುಗಳಾಗಿದ್ದರೆ ಮಾತ್ರ ಇರಬಹುದು. ಈ ಮಾತಿಗೆ ಈಗ ಕಾನೂನಿನ ಬಲ ಎಳ್ಳಷ್ಟೂ ಇಲ್ಲ. ಆದರೆ ಕಾಗದದಲ್ಲಿ ಅದು ಇದೆ.

"ಇದನ್ನು ತೆಗೆಸುವುದಕ್ಕೆ ಅಲ್ಲಿ ಈಗ ದಾರಿ ಮಾಡಿದ್ದಾರೆ ಬುದ್ಧೀ. ತೆಗೆಸಿಬಿಡೋಣ ಎನ್ನುತ್ತಾಳೆ ಇವಳು. ನನಗೆ ಇರಲಿ ಎನ್ನಿಸುತ್ತದೆ. ತಮ್ಮ ಅಪ್ಪಣೆ ಏನು?" ಎಂದು ಅವರು ಕೇಳಿದರು.

ನಾವು ಅಂದು ಉತ್ತರ ಕೊಡಲಿಲ್ಲ. ಪ್ರಸಾದ ಸ್ವೀಕರಿಸಿ ಹೋಗಿರೆಂದು ಹೇಳಿ ಕಾಗದವನ್ನು ಇರಿಸಿಕೊಂಡೆವು. ಉತ್ತರ ತಿಳಿಯದೆ ಇದ್ದುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮಠದ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಆ ಕಚೇರಿಯ ವಿಚಾರ. ಅಮೆರಿಕದ ರಾಜ್ಯಗಳು ಕೌಂಟಿಗಳೆಂಬ ವಿಭಾಗಗಳಾಗಿ ಒಡೆದಿವೆ. ನಮ್ಮ ಜಿಲ್ಲೆಯಂಥದು ಎಂದು ತಿಳಿದರೆ ಸಾಕು. ಭೂಮಿಗೆ ಸಂಬಂಧಿಸಿದ ಪತ್ರಗಳನ್ನು ದಾಖಲು ಮಾಡುವ ಕಚೇರಿ ಸಾಮಾನ್ಯವಾಗಿ ಕೌಂಟಿಯ ಮಟ್ಟದಲ್ಲಿರುತ್ತದೆ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅದು ವಯಸ್ಸಿನಲ್ಲಿ ಬಹಳ ಹಿರಿದು. ಮ್ಯಾಸಚೂಸೆಟ್ಸ್ ವಸಾಹತು 1640ರಲ್ಲೇ ಇಂಥ ದಾಖಲಾತಿಯನ್ನು ವಿಧಿಸಿತ್ತು. ನಮ್ಮ ನೋಂದಣಿ ಕಾಯಿದೆ 1908ರದು. ನಮ್ಮಲ್ಲಿ ಬರೆದುಕೊಟ್ಟವರು ಅಧಿಕಾರಿಯ ಮುಂದೆ ಹಾಜರಾಗಿ, ಹೆಬ್ಬೆಟ್ಟು ಒತ್ತಿ, ಗುರುತಿಸುವವರ ಸಹಿ ಹಾಕಿಸಬೇಕು. ಅಲ್ಲಿ ಸಹಿಯು ನೋಟರಿಯ ಎದುರಿನಲ್ಲಿ ಆಗಿದ್ದು, ಜಮೀನಿನ ವಿವರಣೆ ಸರಿಯಾದ ರೂಪದಲ್ಲಿದ್ದು, ಶುಲ್ಕ ಸಂದಿದ್ದರೆ, ಗುಮಾಸ್ತೆ ದಿನಾಂಕ ವೇಳೆಗಳ ಮುದ್ರೆ ಹಾಕಿ ಕ್ರಮಾಂಕ ಕೊಡುತ್ತಾನೆ. ಪ್ರತಿ ಅಲ್ಲಿ ಉಳಿಯುತ್ತದೆ, ಮೂಲ ಹಿಂದಿರುಗುತ್ತದೆ. ಬರೆದದ್ದು ನಿಜವೇ, ನ್ಯಾಯವೇ ಎಂದು ಕಚೇರಿ ವಿಚಾರಿಸುವುದಿಲ್ಲ. ಇಂಥವರು ಇಂಥ ದಿನ ಹೀಗೆ ಬರೆದುಕೊಟ್ಟರು ಎಂಬಷ್ಟಕ್ಕೆ ಮಾತ್ರ ಅದು ಸಾಕ್ಷಿ. ಆದರೆ ಆ ಮುದ್ರೆ ಬಿದ್ದ ಕ್ಷಣದಿಂದ ಲೋಕಕ್ಕೆಲ್ಲ ತಿಳಿವಳಿಕೆ ಕೊಟ್ಟಂತೆಯೇ ಎಂದು ಕಾನೂನು ಭಾವಿಸುತ್ತದೆ. ನೀವು ಓದಿರಲಿ ಬಿಡಲಿ, ಓದಿದ್ದೀರಿ ಎಂದೇ ಲೆಕ್ಕ.

ಹಳೆಯ ಪತ್ರವನ್ನು ಹುಡುಕುವ ಕ್ರಮವೂ ಮನನ ಮಾಡತಕ್ಕದ್ದಾಗಿದೆ. ಕಚೇರಿಯಲ್ಲಿ ಎರಡು ಸೂಚಿಗಳಿರುತ್ತವೆ. ಒಂದು ಕೊಟ್ಟವರ ಹೆಸರಿನದು, ಇನ್ನೊಂದು ಪಡೆದವರ ಹೆಸರಿನದು. ಇಂದಿನ ಮಾಲೀಕನ ಹೆಸರನ್ನು ಪಡೆದವರ ಸೂಚಿಯಲ್ಲಿ ಹಿಡಿದರೆ ಪುಸ್ತಕ, ಪುಟ ದೊರೆಯುತ್ತದೆ. ಆ ಪತ್ರದಲ್ಲಿ ಅವನಿಗೆ ಕೊಟ್ಟವನು ಯಾರೆಂದು ನೋಡಿ, ಆ ಹೆಸರನ್ನು ಮತ್ತೆ ಪಡೆದವರ ಸೂಚಿಯಲ್ಲಿ ಹುಡುಕಬೇಕು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗುವುದು. ಈಗ ಗಣಕದಲ್ಲಿ ಕೆಲಸ ಸುಲಭವಾಗಿದೆಯಾದರೂ ಕ್ರಮ ಅದೇ. ಈ ಲೋಕದಲ್ಲಿ ಪ್ರತಿಯೊಬ್ಬ ಕೊಟ್ಟವನೂ ಮೊದಲು ಪಡೆದವನೇ ಎಂಬ ವೇದಾಂತವನ್ನು ಆ ಸೂಚಿಗಳು ಯಾವ ಪ್ರವಚನವೂ ಇಲ್ಲದೆ ಹೇಳುತ್ತವೆ. ನಮ್ಮ ಭಕ್ತರು ಹೀಗೆ ಇಳಿದು ಇಳಿದು ಬಡಾವಣೆಯ ಬುಡಕ್ಕೆ ಮುಟ್ಟಿದಾಗ ಆ ಷರತ್ತು ಸಿಕ್ಕಿತು. ಅವರ ಸ್ವಂತ ಕ್ರಯಪತ್ರದಲ್ಲಿ ಅದು ಇರಲಿಲ್ಲ. "ದಾಖಲಾದ ಷರತ್ತುಗಳಿಗೆ ಒಳಪಟ್ಟು" ಎಂಬ ಅರ್ಥದ ಒಂದು ಸಣ್ಣ ಮಾತು ಮಾತ್ರ ಇತ್ತು. ಒಮ್ಮೆ ಬುಡದಲ್ಲಿ ಬರೆದಿಟ್ಟರೆ ಮುಂದಿನವರೆಲ್ಲ ಈ ಸಣ್ಣ ಮಾತಿನ ಕೆಳಗೆ ಸಹಿ ಹಾಕುತ್ತ ಬರುತ್ತಾರೆ. ಅವರೂ ಹಾಕಿದ್ದರು, ತಮ್ಮನ್ನೇ ಹೊರಗಿಡುವ ಮಾತಿಗೆ.

ಈ ಬಗೆಯ ಷರತ್ತುಗಳು ಅಲ್ಲಿ ಹೇಗೆ ಹಬ್ಬಿದವೆಂಬುದು ತಿಳಿಯಬೇಕಾದದ್ದು. ಕೆಂಟಕಿ ರಾಜ್ಯದ ಲೂಯಿವಿಲ್ ನಗರಸಭೆಯು ಬಿಳಿಯರು ಹೆಚ್ಚಾಗಿರುವ ಬೀದಿಗೆ ಕರಿಯರು ಬಂದು ವಾಸಿಸಕೂಡದೆಂದು ನಿಯಮ ಮಾಡಿತ್ತು. 1917ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸರ್ಕಾರ ಮಾಡಲಾಗದ್ದನ್ನು ಪತ್ರ ಬರೆಯುವವರು ಮಾಡತೊಡಗಿದರು. ಇಂಥ ಷರತ್ತುಗಳು ಅದಕ್ಕೂ ಮೊದಲೇ ಅಲ್ಲಲ್ಲಿ ಇದ್ದವು. ಈಗ ಬಡಾವಣೆ ಬಡಾವಣೆಗಳಿಗೇ ವ್ಯಾಪಿಸಿದವು. ಇದು ಖಾಸಗಿಯವರ ಒಪ್ಪಂದ, ಸಂವಿಧಾನಕ್ಕೆ ಸಂಬಂಧಿಸಿದ್ದಲ್ಲವೆಂದು ಅದೇ ನ್ಯಾಯಾಲಯ 1926ರಲ್ಲಿ ಕೈಬಿಟ್ಟಿತು. 1934ರಲ್ಲಿ ಸ್ಥಾಪನೆಯಾದ ಕೇಂದ್ರ ಗೃಹ ಆಡಳಿತವು ಮನೆಸಾಲಗಳಿಗೆ ವಿಮೆ ಕೊಡುವಾಗ ಇಂಥ ಷರತ್ತುಗಳಿರುವುದು ಒಳ್ಳೆಯದೆಂದು ತನ್ನ ಕೈಪಿಡಿಯಲ್ಲೇ ಶಿಫಾರಸು ಮಾಡಿತು. ಮುಂದಿನ ಬಾಗಿಲಿನಲ್ಲಿ ನಿಷಿದ್ಧವಾದದ್ದು ಹಿತ್ತಲ ಬಾಗಿಲಿನಿಂದ ಮರ್ಯಾದಸ್ಥನಾಗಿ ಒಳಗೆ ಬಂದು ಕುಳಿತಿತು.

ನಮ್ಮವರ ಪಾಡೂ ಬೇರೆಯಾಗಿರಲಿಲ್ಲ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರ ವರ್ಗಕ್ಕೆ ಸೇರರು, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು 1923ರಲ್ಲಿ ತೀರ್ಪಾಯಿತು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿಯ ಒಡೆಯರಾಗಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು. ಅಲ್ಲಿ ಬೆವರು ಸುರಿಸಿದ ಪಂಜಾಬಿ ರೈತರು ಜಮೀನನ್ನು ಪರಿಚಯದ ಬಿಳಿಯರ ಹೆಸರಿನಲ್ಲೋ ಅಲ್ಲಿಯೇ ಹುಟ್ಟಿದ ತಮ್ಮ ಮಕ್ಕಳ ಹೆಸರಿನಲ್ಲೋ ಇರಿಸಬೇಕಾಯಿತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಆ ಕಾಲದ ಕೌಂಟಿ ಪುಸ್ತಕಗಳಲ್ಲಿ ಉತ್ತವನ ಹೆಸರು ಹುಡುಕಿದರೆ ಅನೇಕ ವೇಳೆ ಸಿಗುವುದಿಲ್ಲ. ದಾಖಲೆ ಸುಳ್ಳು ಹೇಳಿತೆನ್ನೋಣವೇ? ಬರೆದ ಅಕ್ಷರ ಒಂದೂ ಸುಳ್ಳಲ್ಲ.

ಸೇಂಟ್ ಲೂಯಿಸ್ ನಗರದಲ್ಲಿ ಶೆಲ್ಲಿ ಎಂಬ ಕರಿಯರ ಕುಟುಂಬ 1945ರಲ್ಲಿ ಒಂದು ಮನೆಯನ್ನು ಕೊಂಡಿತು. ಆ ಬೀದಿಯ 39 ಮಂದಿ ಮಾಲೀಕರ ಪೈಕಿ 30 ಮಂದಿ 1911ರಲ್ಲೇ ಸೇರಿ, 50 ವರ್ಷಗಳವರೆಗೆ ಇಲ್ಲಿ ಬಿಳಿಯರಲ್ಲದವರು ಇರಬಾರದೆಂದು ಬರೆದು ದಾಖಲು ಮಾಡಿಸಿದ್ದರು. ಶೆಲ್ಲಿ ದಂಪತಿಗಳಿಗೆ ಅದು ಗೊತ್ತಿರಲಿಲ್ಲ. ನೆರೆಯವರು ನ್ಯಾಯಾಲಯಕ್ಕೆ ಹೋದರು. ಮೇ 3, 1948ರಂದು ಸರ್ವೋಚ್ಚ ನ್ಯಾಯಾಲಯ ಶೆಲ್ಲಿ ಕುಟುಂಬದ ಪರವಾಗಿ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಾಧೀಶರಲ್ಲಿ ಆರು ಮಂದಿ ಒಮ್ಮತದಿಂದ ತೀರ್ಪಿತ್ತರು. ಮೂವರು ವಿಚಾರಣೆಯಿಂದಲೇ ದೂರ ಸರಿದಿದ್ದರು. ತೀರ್ಪಿನ ಒಳಗಿನ ಗಂಟನ್ನು ನೀವು ಗಮನಿಸಬೇಕು. ಇಂಥ ಒಪ್ಪಂದ ಬರೆದುಕೊಳ್ಳುವುದೇ ಅಕ್ರಮವೆಂದು ನ್ಯಾಯಾಲಯ ಹೇಳಲಿಲ್ಲ. ಅದನ್ನು ಜಾರಿ ಮಾಡಲು ನ್ಯಾಯಾಲಯಗಳು ಕೈ ನೀಡಬಾರದು ಎಂದಷ್ಟೇ ಹೇಳಿತು. ಆದ್ದರಿಂದ ಬರೆಯುವವರು ಬರೆಯುತ್ತಲೇ ಹೋದರು, ಗುಮಾಸ್ತೆ ಮುದ್ರೆ ಒತ್ತುತ್ತಲೇ ಹೋದ. 1968ರ ವಸತಿ ಕಾಯಿದೆ ಬಂದಮೇಲೆ ಅದು ಸಂಪೂರ್ಣ ನಿಷಿದ್ಧವಾಯಿತು.

ಆ ಗುಮಾಸ್ತೆಯ ವಿಚಾರ ನಮ್ಮನ್ನು ಬಹಳ ಕಾಡಿದೆ. ಅವನು ಷರತ್ತನ್ನು ಬರೆದವನಲ್ಲ, ಜಾರಿ ಮಾಡಿದವನೂ ಅಲ್ಲ. ಆದರೆ ಅವನ ಮುದ್ರೆ ಇಲ್ಲದಿದ್ದರೆ ಆ ಮಾತಿಗೆ ಆಯುಸ್ಸಿರಲಿಲ್ಲ. ಬಂದದ್ದನ್ನು ಸ್ವೀಕರಿಸುವುದಷ್ಟೇ ನನ್ನ ಕೆಲಸ ಎಂಬುದು ಎಲ್ಲ ಕಾಲದ ಕಚೇರಿಗಳ ಉತ್ತರ. ಮಠಗಳ ಉತ್ತರವೂ ಅನೇಕ ವೇಳೆ ಅದೇ. ರಾಜಧಾನಿ ವಾಷಿಂಗ್ಟನ್‌ನಲ್ಲಿ ಕೆಲವು ನಾಗರಿಕರು, ಇಂಥ ಪತ್ರಗಳನ್ನು ಸ್ವೀಕರಿಸಿ ದಾಖಲಿಸುವುದೇ ತಪ್ಪೆಂದು ದಾಖಲಾಧಿಕಾರಿಯ ಮೇಲೆಯೇ ಮೊಕದ್ದಮೆ ಹೂಡಿದರು. ಕೆಳಗಿನ ನ್ಯಾಯಾಲಯ ತಳ್ಳಿಹಾಕಿದ್ದನ್ನು ಮೇಲ್ಮನವಿ ನ್ಯಾಯಾಲಯ 1972ರಲ್ಲಿ ತಿರುಗಿಸಿತು. ಅದೇ ನಗರದಲ್ಲಿ ಅದೇ ಹುದ್ದೆಯನ್ನು 1881ರಿಂದ 1886ರವರೆಗೆ ಫ್ರೆಡರಿಕ್ ಡಗ್ಲಾಸ್ ನಿರ್ವಹಿಸಿದ್ದರು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆವು. ಗುಲಾಮರಾಗಿ ಹುಟ್ಟಿದ ಆ ಮಹನೀಯರು, ಯಜಮಾನನು ಸತ್ತಾಗ ಅವನ ಆಸ್ತಿಯ ಲೆಕ್ಕದಲ್ಲಿ ಕುದುರೆ, ದನ, ಹಂದಿಗಳ ಜೊತೆಯಲ್ಲಿ ತಮಗೂ ಬೆಲೆ ಕಟ್ಟಿದ್ದನ್ನು 1845ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಮ್ಮೆ ಆಸ್ತಿಯಾಗಿದ್ದವರು ಆಸ್ತಿಪತ್ರಗಳ ಅಧಿಕಾರಿಯಾದರು.

ಇನ್ನು ನಮ್ಮ ಭಕ್ತರ ಪ್ರಶ್ನೆಗೆ ಬರೋಣ. ಅಳಿಸಬೇಕೋ, ಉಳಿಸಬೇಕೋ?

ಅವರ ಧರ್ಮಪತ್ನಿಯವರು ಅಂದು ಆಡಿದ್ದು ಒಂದೇ ಮಾತು. "ನಾಳೆ ಮನೆ ನಮ್ಮ ಮಗಳ ಹೆಸರಿಗಾಗುವಾಗ ಅವಳೂ ಇದಕ್ಕೆ ಒಳಪಟ್ಟು ಸಹಿ ಹಾಕಬೇಕೇ ಬುದ್ಧೀ?" ಈ ಮಾತನ್ನು ಚರಿತ್ರೆಯ ಹೆಸರಿನಲ್ಲಿ ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅಪಮಾನಕ್ಕೆ ಬಲವಿಲ್ಲದಿದ್ದರೂ ನೋವಿದೆ. ಪತಿಯ ಪಕ್ಷದಲ್ಲಿಯೂ ಸತ್ಯವಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದವರು 2016ರಿಂದ ಹಳೆಯ ಪತ್ರಗಳನ್ನು ಸ್ವಯಂಸೇವಕರ ನೆರವಿನಿಂದ ಓದಿಸಿ, ಮಿನಿಯಾಪೋಲಿಸ್ ನಗರವೊಂದರಲ್ಲೇ 8000ಕ್ಕೂ ಹೆಚ್ಚು ಇಂಥ ಷರತ್ತುಗಳನ್ನು ಪತ್ತೆ ಮಾಡಿ ನಕ್ಷೆಯಲ್ಲಿ ಗುರುತಿಸಿದ್ದಾರೆ. ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 52 ಲಕ್ಷ ಪುಟಗಳನ್ನು ಯಂತ್ರದಿಂದ ಓದಿಸಿ ಸುಮಾರು 7500 ಷರತ್ತುಗಳನ್ನು ಹೊರತೆಗೆದದ್ದು 2024ರಲ್ಲಿ ಪ್ರಕಟವಾಯಿತು. ನಾಚಿಕೆಗೊಂಡ ಯಾರೋ ಪುಣ್ಯಾತ್ಮರು ಮೊದಲೇ ಆ ಪುಟಗಳನ್ನು ಹರಿದುಹಾಕಿದ್ದರೆ, ಅನ್ಯಾಯ ನಡೆದೇ ಇರಲಿಲ್ಲವೆಂದು ವಾದಿಸುವುದು ಸುಲಭವಾಗುತ್ತಿತ್ತು.

ವಾಷಿಂಗ್ಟನ್ ರಾಜ್ಯದವರು ಕಂಡುಕೊಂಡ ಉಪಾಯ ನಮಗೆ ಒಪ್ಪಿಗೆಯಾಗಿದೆ. ಈ ಷರತ್ತು ಶೂನ್ಯವೆಂದು ಸಾರುವ ತಿದ್ದುಪಡಿ ಪತ್ರವೊಂದನ್ನು ಮಾಲೀಕರು ಶುಲ್ಕವಿಲ್ಲದೆ ದಾಖಲು ಮಾಡಿಸಬಹುದು. ಹಳೆಯದು ಹಳೆಯ ಪುಟದಲ್ಲಿ ಉಳಿಯುತ್ತದೆ, ಹೊಸದು ಅದರ ಮೇಲೆ ಸಾಕ್ಷಿ ನುಡಿಯುತ್ತದೆ. ಅಷ್ಟು ಸಾಲದೆನ್ನುವವರಿಗೆ 2021ರ ಕಾನೂನಿನಂತೆ ನ್ಯಾಯಾಲಯದ ಮೂಲಕ ಆ ಮಾತನ್ನು ಹಕ್ಕುಪತ್ರಗಳ ಸರಣಿಯಿಂದಲೇ ತೆಗೆಸುವ ಹಾದಿಯೂ ಇದೆ. ಆಗಲೂ ಮೂಲಪ್ರತಿಯನ್ನು ಪ್ರತ್ಯೇಕವಾಗಿ ಕಾಪಾಡಲಾಗುತ್ತದೆ. ಇವೆರಡಕ್ಕಿಂತ ನಮಗೆ ಮುಖ್ಯವೆನಿಸಿದ್ದು 2023ರ ಕಾಯಿದೆ. ಅದರಂತೆ ಪತ್ರಗಳ ದಾಖಲಾತಿಯ ಮೇಲೆ 100 ಡಾಲರ್ ಹೆಚ್ಚಿನ ಶುಲ್ಕ ವಿಧಿಸಿ, ಅಂದು ಮನೆ ಕೊಳ್ಳಲಾಗದೆ ಹೋದವರಿಗೂ ಅವರ ಸಂತತಿಯವರಿಗೂ ಇಂದು ಮನೆ ಕೊಳ್ಳಲು ನೆರವು ಕೊಡುತ್ತಾರೆ. ತಪ್ಪು ಯಾವ ಕಿಟಕಿಯಲ್ಲಿ ಮುದ್ರೆ ಹಾಕಿಸಿಕೊಂಡಿತೋ ಅದೇ ಕಿಟಕಿಯಲ್ಲಿ ಅದರ ಪ್ರಾಯಶ್ಚಿತ್ತವೂ ನಡೆಯುತ್ತಿದೆ. ಕಾಗದವನ್ನು ತಿದ್ದಿ ಕೈ ತೊಳೆದುಕೊಳ್ಳುವುದಕ್ಕಿಂತ ಇದು ಕಷ್ಟದ ಕೆಲಸ, ಖರ್ಚಿನ ಕೆಲಸ.

ನಮ್ಮ ಶರಣರು ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಎದುರಿಸಿದ್ದರು. ಲಿಂಗದೀಕ್ಷೆ ಪಡೆದವನ ಪೂರ್ವಾಶ್ರಯವನ್ನು ಕೇಳಬಾರದು, ಎಣಿಸಬಾರದು ಎಂಬುದು ಧರ್ಮದ ಕಟ್ಟಳೆ. ಪೂರ್ವಾಶ್ರಯ ನಿರಸನವೆಂದೇ ಅದಕ್ಕೊಂದು ಸ್ಥಲವಿದೆ. ಅಂದಮೇಲೆ ಅದು ಅಳಿಸುವ ಮಾರ್ಗವಲ್ಲವೇ? ಆದರೆ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಈ ಹೆಸರುಗಳನ್ನು ನೋಡಿರಿ. ಕೇಳಬಾರದೆಂದ ಪರಂಪರೆಯೇ ಅವನ್ನು ಎಂಟುನೂರು ವರ್ಷಗಳಿಗೂ ಮಿಕ್ಕಿ ಉಳಿಸಿಕೊಂಡು ಬಂದಿದೆ. ಇದು ವಿರೋಧವೆಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾವು ಭಾವಿಸಿದ್ದುಂಟು. ಈಗ ಹಾಗೆನಿಸುವುದಿಲ್ಲ. ಕೇಳಬಾರದೆಂಬ ಕಟ್ಟಳೆ ಮೇಲೆ ಕುಳಿತವನಿಗೆ. ಹೇಳಿಕೊಳ್ಳುವ ಅಧಿಕಾರ ಕೆಳಗೆ ಕೂರಿಸಲ್ಪಟ್ಟವನಿಗೆ. ಕಕ್ಕಯ್ಯನವರು ಡೋಹರನೆಂಬುದನ್ನು ತಮ್ಮ ಹೆಸರಿನಲ್ಲಿ ಹೊತ್ತರೆ ಅದು ಅವರ ಘನತೆ. ಅದನ್ನು ಅಳಿಸಿ ಉಪಕಾರ ಮಾಡುತ್ತೇವೆಂದು ನಾವು ಹೊರಟರೆ, ಅವರು ಎಲ್ಲಿಂದ ನಡೆದು ಬಂದರೆಂಬುದನ್ನೂ, ನಮ್ಮ ಹಿರಿಯರು ಅವರನ್ನು ಎಲ್ಲಿ ನಿಲ್ಲಿಸಿದ್ದರೆಂಬುದನ್ನೂ ಒಟ್ಟಿಗೇ ಅಳಿಸಿದಂತಾಗುತ್ತದೆ.

ಆದಕಾರಣ ಆ ದಂಪತಿಗಳಿಗೆ ನಾವು ಬರೆದ ಉತ್ತರ ಹೀಗಿತ್ತು: ಆ ಷರತ್ತು ಹೊರಗಿಟ್ಟವರಲ್ಲಿ ನೀವೂ ಸೇರಿದವರಾದ್ದರಿಂದ ನಿರ್ಧಾರ ನಿಮ್ಮದು, ಅದರಲ್ಲಿ ಮಗಳ ಮಾತನ್ನೂ ಕೇಳಿರಿ. ಆದರೆ ಒಂದನ್ನು ಮರೆಯಬೇಡಿರಿ. ನೀವು ಆ ನಾಡಿಗೆ ಹೋಗುವ ಹೊತ್ತಿಗೆ ಬಾಗಿಲು ತೆರೆದಿತ್ತು. ಅದನ್ನು ತೆರೆಸಿದವರು ಶೆಲ್ಲಿ ದಂಪತಿಗಳಂಥವರು. ಆ ಸಾಲು ನಿಮಗೆ ಓದುವಾಗಿನ ನೋವು. ನಿಮ್ಮ ಊರಿನ ಕರಿಯರ ಮನೆಗಳಿಗೆ ಅದು ಅಜ್ಜನಿಂದ ಮೊಮ್ಮಗನಿಗೆ ಬರಬೇಕಾಗಿದ್ದು ಬಾರದೆ ಹೋದ ಮನೆ.

ಇಷ್ಟು ಬರೆದು ಲೇಖನಿ ಕೆಳಗಿಟ್ಟಿದ್ದರೆ ನಮಗೆ ಸುಖವಾಗಿತ್ತು. ಆದರೆ ಕಬ್ಬಿಣದ ಪೆಟ್ಟಿಗೆಯ ವಿಚಾರ ಹೇಳುತ್ತೇವೆಂದು ಮೇಲೆ ಮಾತು ಕೊಟ್ಟಿದ್ದೇವೆ.

ಸ್ವಾತಂತ್ರ್ಯಕ್ಕೆ ಮುಂಚೆ ಭಕ್ತರೊಬ್ಬರು ಶ್ರೀಮಠಕ್ಕೆ ಜಮೀನನ್ನೂ ಒಂದು ಕಟ್ಟಡವನ್ನೂ ನೋಂದಾಯಿತ ದಾನಪತ್ರದ ಮೂಲಕ ಕೊಟ್ಟರು. ಪ್ರಸಾದ ನಿಲಯ ಬೆಳೆದದ್ದು ಅದರ ಮೇಲೆಯೇ. ಚಕ್ಕುಬಂದಿಯ ವಿವರಗಳ ನಂತರ ಆ ಪತ್ರದಲ್ಲಿ ಒಂದು ಷರತ್ತಿದೆ: ಈ ಆಸ್ತಿಯ ಉತ್ಪನ್ನದಿಂದ ತಮ್ಮ ಒಳಪಂಗಡದ ಹುಡುಗರಿಗೆ ಮಾತ್ರ ಅನ್ನ ವಸತಿಗಳು ನಡೆಯತಕ್ಕದ್ದು. ನಾವು ವಟುವಾಗಿ ಬಂದ ಕಾಲಕ್ಕೆ ನಿಲಯದಲ್ಲಿ ಎರಡು ಸಾಲುಗಳಿದ್ದವು. ಒಳಮನೆಯಲ್ಲಿ ಒಳಸಾಲು, ಜಗುಲಿಯಲ್ಲಿ ಹೊರಸಾಲು. ಒಳಸಾಲಿಗೆ ದಾನದ ಉತ್ಪನ್ನ; ಹೊರಸಾಲಿಗೆ ಭಿಕ್ಷೆಯಿಂದ ಬಂದ ಧಾನ್ಯ. ಏಕೆಂದು ಕೇಳಿದರೆ "ದಾನಿಗಳ ಕಟ್ಟಳೆ" ಎಂಬ ಉತ್ತರ ಬರುತ್ತಿತ್ತು. ನಾವು ಕೇಳಲಿಲ್ಲ. ನಾವು ಒಳಸಾಲಿನವರು.

ಹಿರಿಯ ಗುರುಗಳು ಅದನ್ನು ನಿಲ್ಲಿಸಿದರು, ಆದರೆ ಷರತ್ತಿನ ಮಾತೆತ್ತಿ ನಿಲ್ಲಿಸಲಿಲ್ಲ. ಒಳಮನೆಯ ಸೂರು ಸೋರುತ್ತದೆಂದು ಹೇಳಿ ದೊಡ್ಡದೊಂದು ದಾಸೋಹ ಭವನವನ್ನು ಕಟ್ಟಿಸಿ ಎಲ್ಲರನ್ನೂ ಅಲ್ಲಿಗೆ ಕರೆದರು. ಸೂರು ನಿಜವಾಗಿಯೂ ಸೋರುತ್ತಿತ್ತೆನ್ನಿ. ಪತ್ರ ಮಾತ್ರ ಇದ್ದಂತೆಯೇ ಇದೆ. ತಿದ್ದುಪಡಿ ಪತ್ರ ಬರೆಯಲು ಬರೆದುಕೊಟ್ಟವರು ಬೇಕು. ಅವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾದವು.

ಎರಡು ವರ್ಷಗಳ ಹಿಂದೆ ಶ್ರೀಮಠದ ಚರಿತ್ರೆಯನ್ನು ಅಚ್ಚು ಮಾಡಿಸುವ ಸಿದ್ಧತೆಯಲ್ಲಿ ಸಮಿತಿಯವರು ದಾನಪತ್ರವನ್ನು ಪ್ರಕಟಿಸಲು ನಿಶ್ಚಯಿಸಿದರು. ಆ ಒಂದು ಷರತ್ತನ್ನು ಬಿಟ್ಟು ಪ್ರಕಟಿಸೋಣ, ಈಗ ಅದು ನಡೆಯುತ್ತಿಲ್ಲವಲ್ಲ, ದಾನಿಗಳ ವಂಶದವರಿಗೂ ಮುಜುಗರವೆಂದರು. ನಾವು ಒಪ್ಪಿ ಕರಡಿನ ಮೇಲೆ ಸಹಿ ಹಾಕಿದೆವು. ಒಂದು ಕ್ಷಣವೂ ಯೋಚಿಸಲಿಲ್ಲ. 1908ರ ಕಾಯಿದೆಯ 57ನೆಯ ಕಲಮಿನಂತೆ ಆ ಒಂದನೆಯ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕ ತೆತ್ತು ನೋಡಬಹುದು, ನಕಲು ಪಡೆಯಬಹುದು. ಸರ್ಕಾರಿ ಕಚೇರಿಯಲ್ಲಿ ಎಲ್ಲರಿಗೂ ತೆರೆದಿರುವುದನ್ನು ಮಠದ ಪುಸ್ತಕದಲ್ಲಿ ಮುಚ್ಚಲು ಹೊರಟಿದ್ದೆವು. ಅದಕ್ಕಿಂತ ಹೆಚ್ಚಿನ ತಪ್ಪೆಂದರೆ, ಅಳಿಸಲು ಸಹಿ ಹಾಕಿದ್ದು ಒಳಸಾಲಿನಲ್ಲಿ ಉಂಡ ಕೈ. ಸಿಯಾಟಲಿನ ಭಕ್ತರು ಮುಂದಿಟ್ಟ ಕಾಗದವನ್ನು ಓದುವಾಗ ನೆನಪಾದದ್ದು ಆ ಸಹಿ.

ಪುಸ್ತಕ ಇನ್ನೂ ಅಚ್ಚಾಗಿಲ್ಲ. ಕರಡನ್ನು ಹಿಂದಕ್ಕೆ ತರಿಸಿಕೊಂಡಿದ್ದೇವೆ. ದಾನಿಗಳ ವಂಶದ ಹಿರಿಯರೊಬ್ಬರನ್ನು ಕರೆಸಿ ಮಾತನಾಡಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಕಿಸಿ ಬುದ್ಧೀ, ಆದರೆ ಅದೊಂದನ್ನೇ ಹಾಕಿಸಬೇಡಿ" ಎಂದರು. ಅವರ ಮಾತು ಯೋಗ್ಯವಾದದ್ದು. ಆ ದಾನದಿಂದ ನೂರಾರು ಬಡ ಹುಡುಗರು ಉಂಡು ಓದಿದ್ದೂ ಸುಳ್ಳಲ್ಲ. ಷರತ್ತಿನ ಪಕ್ಕದಲ್ಲಿ ಏನು ಇರಬೇಕೆಂಬುದನ್ನು ಮಾತ್ರ ನಾವು ಬರೆಯುವುದು ಸರಿಯಲ್ಲ.

ಈ ಪತ್ರಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ದಾಸೋಹ ಭವನ ಏಳುವುದಕ್ಕೆ ಮುಂಚೆ ಜಗುಲಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರು ಇದ್ದೀರಿ. ಕೆಲವರ ಮುಖ ನಮ್ಮ ನೆನಪಿನಲ್ಲಿದೆ. ನೀವು ಬರೆದು ಕಳುಹಿಸಬೇಕು. ಹೆಸರು ಹಾಕುವುದು ಬಿಡುವುದು ನಿಮ್ಮ ಇಷ್ಟ. ಷರತ್ತನ್ನು ಅಚ್ಚು ಮಾಡಲೇಬಾರದೆಂದು ನಿಮ್ಮಲ್ಲಿ ಯಾರಿಗಾದರೂ ಅನಿಸಿದರೆ ಅದನ್ನೂ ತಿಳಿಸಿರಿ. ಶಿವರಾತ್ರಿಯವರೆಗೆ ಕರಡನ್ನು ಮುದ್ರಣಕ್ಕೆ ಕಳುಹಿಸುವುದಿಲ್ಲ.